ಶಿಕಾರಿ ಕಥೆಯಲ್ಲಿ ಹುಲಿಯಾಚೆಗೆ ನೋಡುವುದು

ಕೆನೆತ್ ಆಂಡರ್ಸನ್ನರ ನರಭಕ್ಷಕ ಕಥೆಗಳನ್ನು ಹೊಸದಾಗಿ ಓದಲು ಕೂತವರು ಹುಲಿಯನ್ನು ಸ್ವಲ್ಪ ಬದಿಗಿಡಿ. ಅದು ಹೆಚ್ಚಾಗಿ ಕೊನೆಯ ಪುಟದಲ್ಲಿ ಸಾಯುವುದೇ. ಮರಳಿನಲ್ಲಿ ಹೆಜ್ಜೆ ಗುರುತಿಸಿದವರು ಯಾರು, ಕರು ಕಟ್ಟಿದವರು ಯಾರು, ಅಟ್ಟಣೆಗೆ ಮರ ಹತ್ತಿದವರು ಯಾರು ಎಂದು ನೋಡುತ್ತಾ ಹೋಗಿ.

ಭೂಪಟದಲ್ಲೂ ಎಚ್ಚರವಿರಲಿ. ಅವರ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಆಗ ಈ ಕಥೆಗಳಲ್ಲಿ ಬರುವ ಹೊಸೂರು, ಜವಳಗಿರಿ, ಅಂಚೆಟ್ಟಿ, ಪೆನ್ನಾಗರಂ ಎಲ್ಲ ಸೇಲಂ ಜಿಲ್ಲೆಯವು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ಆ ಕಾಡನ್ನು ಇವತ್ತಿನ ಸೇಲಂ ನಕ್ಷೆಯಲ್ಲಿ ಹುಡುಕಿದರೆ ಸಿಗದು.

ಆ ಮೊದಲ ಪುಸ್ತಕದ ಹೊತ್ತಿಗೆ ಸ್ವಾತಂತ್ರ್ಯ ಬಂದು ಏಳು ವರ್ಷವಾಗಿದ್ದರೂ ಕಥೆಯ ಕಟ್ಟು ಮಾತ್ರ ಹಳೆಯದು: ರೈಫಲ್ ಹಿಡಿದ ದೊರೆ, ಕಾಪಾಡಿ ಎಂದು ಬರುವ ಹಳ್ಳಿಗರು. ಆದರೆ ಆಂಡರ್ಸನ್ ಬೆಂಗಳೂರಿನವರು, ಕನ್ನಡ ತಮಿಳು ಎರಡೂ ಬಲ್ಲವರು. ಹಾಗಾಗಿ ಆ ಕಟ್ಟು ಅಲ್ಲಲ್ಲಿ ಬಿರುಕು ಬಿಡುತ್ತದೆ. ಚಿನ್ನಾರ್ ಹೊಳೆಯ ದಂಡೆಯ ಬೈರ ಪೂಜಾರಿಯನ್ನೇ ನೋಡಿ. ಕಾನೂನಿನ ಲೆಕ್ಕದಲ್ಲಿ ಅವನು ಕಳ್ಳಬೇಟೆಗಾರ, ಆಂಡರ್ಸನ್ ಶಿಕಾರಿ. ಕಾಡು ಒಂದೇ, ಬೇಟೆಯೂ ಒಂದೇ. ಪರ್ಮಿಟ್ಟು ಇದ್ದದ್ದು ಒಬ್ಬರ ಹತ್ತಿರ. ಆದರೂ ಕಾಡಿನ ಪಾಠ ಹೇಳುವವನು ಬೈರ, ಕಲಿಯುವವರು ದೊರೆ. ಬೇರೆ ಕಥೆಗಳಿಗೆ ಹೆಚ್ಚಾಗಿ ಊರಿನ ಹೆಸರೋ ಮೃಗದ ಹೆಸರೋ ಇದ್ದರೆ, ಈ ಕಥೆಗೆ ಬೈರನದೇ ಹೆಸರು.

ಈ ಬಿರುಕನ್ನು ಅಗಲ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ಆಂಡರ್ಸನ್ನರನ್ನು ಕನ್ನಡಕ್ಕೆ ತಂದ ಅವರ 'ಕಾಡಿನ ಕಥೆಗಳು' ನಾಲ್ಕು ಭಾಗಗಳಲ್ಲಿವೆ. ಪದಕ್ಕೆ ಪದವಿಟ್ಟ ಅನುವಾದವಲ್ಲ, ತಮಗೆ ಬೇಕಾದಂತೆ ಹೇಳಿದ ಭಾವಾನುವಾದ. ಇಂಗ್ಲಿಷಿನಲ್ಲಿ ತಡವರಿಸುತ್ತಾ ನಿಲ್ಲುವ ಹಳ್ಳಿಗರು ಇಲ್ಲಿ ನಮ್ಮ ಪಕ್ಕದ ಮನೆಯವರಂತೆ ಹರಟುತ್ತಾರೆ, ಸುಳ್ಳು ಹೇಳುತ್ತಾರೆ, ಸಾಹೇಬರನ್ನೇ ಯಾಮಾರಿಸುತ್ತಾರೆ. ಹೊಸಬರು 'ಜಾಲಹಳ್ಳಿಯ ಕುರ್ಕ'ದಿಂದ ಶುರುಮಾಡಬಹುದು. ಒಂದೆರಡು ಕಡೆ ಗಟ್ಟಿಯಾಗಿ ಓದಿದರೆ 'ನಾನು' ಎನ್ನುತ್ತಿರುವುದು ಆಂಡರ್ಸನ್ನೋ ಮೂಡಿಗೆರೆಯ ತೇಜಸ್ವಿಯೋ ಎಂಬ ಅನುಮಾನ ಬರುತ್ತದೆ. ಆ ಅನುಮಾನವೇ ಇಲ್ಲಿನ ಸ್ವಾರಸ್ಯ. ಕೊರತೆಯೂ ಅದೇ ಅನ್ನಿ. ಕಥೆ ಹೇಳುವ ಹಕ್ಕು ಇನ್ನೂ ಬಂದೂಕಿನವನ ಕೈಯಲ್ಲೇ ಉಳಿದಿದೆ. ಬೈರನೇ ಹೇಳಿದ್ದರೆ ಯಾವುದನ್ನು ಬಿಡುತ್ತಿದ್ದ, ಎಲ್ಲಿ ನಗುತ್ತಿದ್ದ?

ಹೊಗೇನಕಲ್‌ಗೆ ಹೋದವರು ತೆಪ್ಪ ಹತ್ತಿ, ಮೀನು ತಿಂದು ವಾಪಸಾಗುತ್ತಾರೆ. ಚಿನ್ನಾರ್ ಕಾವೇರಿಗೆ ಸೇರುವುದು ಅಲ್ಲೇ. ಮುಂದಿನ ಸಲ ಹೋಗುವ ಮುಂಚೆ ಬೈರನ ಕಥೆ ಓದಿಕೊಂಡು ಹೋಗಿ.