ಎರಡು ಕಡೆಯ ಕಿಂಡಿ

ಗಾಣಗಾಪುರದ ನಿರ್ಗುಣ ಮಠದಲ್ಲಿ ಪಾದುಕೆಗಳ ದರ್ಶನವು ಒಂದು ಚಿಕ್ಕ ಕಿಂಡಿಯ ಮೂಲಕ ಆಗುವುದೆಂಬುದು ಈ ಜಿಲ್ಲೆಯ ವಾಚಕರಿಗೆಲ್ಲ ವಿದಿತವಾದ ಸಂಗತಿಯೇ ಆಗಿದೆ. ಭೀಮಾ ಮತ್ತು ಅಮರಜಾ ನದಿಗಳ ಸಂಗಮದಲ್ಲಿ ಮಿಂದು ಬಂದ ಯಾತ್ರಿಕನು ಸರತಿಯಲ್ಲಿ ನಿಂತು, ಬಾಗಿ, ಒಂದು ಕ್ಷಣ ಒಳಗೆ ನೋಡಿ, ಹಿಂದಿನವನಿಗೆ ಎಡೆಗೊಟ್ಟು ಸರಿಯುತ್ತಾನೆ. ಉಡುಪಿಯ ಕನಕನ ಕಿಂಡಿಯ ಕಥೆಯನ್ನು ಕೇಳದ ಕನ್ನಡಿಗನಂತೂ ಇರಲಾರನು. ಆ ಕಥೆಯ ಸ್ವಾರಸ್ಯವು ಕನಕದಾಸರು ಹೊರಗಿನಿಂದ ಇಣಿಕಿ ನೋಡಿದುದರಲ್ಲಿ ಇಲ್ಲ. ಒಳಗಿನ ಮೂರ್ತಿಯು ಅವರ ಕಡೆಗೆ ತಿರುಗಿತೆಂಬುದರಲ್ಲಿ ಇದೆ. ನೋಡಿದವನಿಗೆ ನೋಟವು ಮರಳಿ ದೊರೆಯಿತೆಂಬುದೇ ಅಲ್ಲಿನ ಮರ್ಮ. ಈ ಒಂದು ಮಾತನ್ನು ಅಳತೆಗೋಲಾಗಿ ಹಿಡಿದು, ದೂರದೂರದ ಅಪರಿಚಿತರನ್ನು ಬೀದಿಯಲ್ಲಿಯೇ ಎದುರುಬದುರಾಗಿ ನಿಲ್ಲಿಸುವ ವೀಡಿಯೋ ಕಲೆಯೆಂಬ ಹೊಸ ಪ್ರಕಾರದ ಬೆಲೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ಪ್ರಕಾರದ ಕೃತಿಗಳಲ್ಲಿ ಮೊದಲು ಹೆಸರಿಸತಕ್ಕದ್ದು ‘ಹೋಲ್ ಇನ್ ಸ್ಪೇಸ್’ ಎಂಬುದು. ಆಕಾಶದಲ್ಲೊಂದು ಕಿಂಡಿ ಎಂದು ಅದರ ಅರ್ಥ. 1980ನೆಯ ಇಸವಿಯ ನವೆಂಬರು ತಿಂಗಳಿನಲ್ಲಿ ಕಿಟ್ ಗ್ಯಾಲೊವೇ ಮತ್ತು ಶೆರಿ ರಾಬಿನೊವಿಟ್ಸ್ ಎಂಬ ಇಬ್ಬರು ಕಲಾವಿದರು ಇದನ್ನು ರಚಿಸಿದರು. ಅಮೆರಿಕದ ಪೂರ್ವತೀರದ ನ್ಯೂಯಾರ್ಕಿನಲ್ಲಿ ಲಿಂಕನ್ ಸೆಂಟರ್ ಎಂಬ ಕಲಾಮಂದಿರದ ಬಳಿ ಒಂದು ದೊಡ್ಡ ಪರದೆ. ಪಶ್ಚಿಮತೀರದ ಲಾಸ್ ಏಂಜಲೀಸಿನಲ್ಲಿ ಸೆಂಚುರಿ ಸಿಟಿಯ ಅಂಗಡಿಯೊಂದರ ಬಳಿ ಇನ್ನೊಂದು. ನಡುವಣ ದೂರವು ಸುಮಾರು 4000 ಕಿಲೋಮೀಟರು. ಗಡಿಯಾರದ ಅಂತರವೇ ಮೂರು ಗಂಟೆ. ಉಪಗ್ರಹದ ಸಹಾಯದಿಂದ ಇಲ್ಲಿಯ ದಾರಿಹೋಕರು ಅಲ್ಲಿಯೂ, ಅಲ್ಲಿಯ ದಾರಿಹೋಕರು ಇಲ್ಲಿಯೂ ಆಳೆತ್ತರದಲ್ಲಿ ಕಾಣಿಸಿಕೊಂಡರು; ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿತು. ಇದು ನಡೆದುದು ಮೂರು ಸಂಜೆಗಳು ಮಾತ್ರ.

ಕೃತಿಯ ರಚನೆಯಲ್ಲಿ ಎರಡು ವಿಷಯಗಳು ವಿಮರ್ಶಕನ ಲಕ್ಷ್ಯಕ್ಕೆ ಬರತಕ್ಕವು. ಮೊದಲನೆಯದು, ಅಲ್ಲಿ ಯಾವ ಫಲಕವೂ ಇರಲಿಲ್ಲ. ಇದು ಏನು, ಇದನ್ನು ಮಾಡಿದವರು ಯಾರು, ಎದುರಿಗೆ ಕಾಣುತ್ತಿರುವ ಊರು ಯಾವುದು ಎಂದು ಯಾರೂ ಬರೆದು ತೂಗುಹಾಕಿರಲಿಲ್ಲ. ಮುಂಚಿತವಾಗಿ ಡಂಗುರ ಹೊಡೆಸಿರಲಿಲ್ಲ. ಆದುದರಿಂದ ಎದುರಾದವರು ಮೊದಲು ಕೇಳಬೇಕಾದ ಮಾತು ‘ನೀವು ಎಲ್ಲಿರುವಿರಿ?’ ಎಂಬುದೇ ಆಯಿತು. ಕೃತಿಯ ಅರ್ಥವನ್ನು ಕಲಾವಿದನು ಹೇಳದೆ ಉಳಿಸಿದುದರಿಂದಲೇ ಅದನ್ನು ಜನರು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಂಡರು. ಎರಡನೆಯದು, ನಿಂತವನಿಗೆ ತನ್ನ ಸ್ವಂತ ಬಿಂಬವು ಎಲ್ಲಿಯೂ ಕಾಣುತ್ತಿರಲಿಲ್ಲ. ಎದುರಿನವರ ಬಿಂಬವಷ್ಟೇ ಕಾಣುತ್ತಿತ್ತು. ಕನ್ನಡಿಯ ಮುಂದೆ ನಿಂತ ಮನುಷ್ಯನು ತನ್ನ ಕೂದಲನ್ನು ತಿದ್ದಿಕೊಳ್ಳುತ್ತಾನೆ. ಕಿಟಕಿಯ ಮುಂದೆ ನಿಂತವನು ಹೊರಗೆ ನೋಡುತ್ತಾನೆ. ಈ ಸೂಕ್ಷ್ಮವನ್ನು ಅರಿತು ಕನ್ನಡಿಯನ್ನು ತೆಗೆದುಹಾಕಿ ಕಿಟಕಿಯನ್ನು ಮಾತ್ರ ಉಳಿಸಿದುದು ಆ ಇಬ್ಬರ ನಿಜವಾದ ಕುಶಲತೆಯೆಂದು ಹೇಳಬೇಕು.

ಆದರೆ ಹೊಗಳಿಕೆಯೊಂದಿಗೆ ಒಂದು ಕೊರತೆಯನ್ನೂ ಹೇಳದಿರಲಾಗದು. ಮೊದಲನೆಯ ಸಂಜೆ ಬಂದವರು ಅಕಸ್ಮಾತ್ತಾಗಿ ಬಂದವರು. ಎರಡನೆಯ ಸಂಜೆಗೆ ಸುದ್ದಿಯು ಬಾಯಿಂದ ಬಾಯಿಗೆ ಹರಡಿ ಜನ ಹೆಚ್ಚಿದರು. ಮೂರನೆಯ ಸಂಜೆಯ ಹೊತ್ತಿಗೆ ಹಲವು ಕುಟುಂಬಗಳು ಮೊದಲೇ ಮಾತನಾಡಿಕೊಂಡು, ವರ್ಷಗಟ್ಟಲೆ ಕಾಣದಿದ್ದ ಬಂಧುಗಳನ್ನು ಕಾಣಲೆಂದು ಎರಡೂ ಕಡೆಗೆ ನೆರೆದವು. ಆ ಭೇಟಿಗಳು ಹೃದಯಸ್ಪರ್ಶಿಯಾಗಿದ್ದುದರಲ್ಲಿ ಸಂದೇಹವಿಲ್ಲ. ಆದರೂ ಅಪರಿಚಿತನಿಗೆಂದು ತೆರೆದ ಕಿಂಡಿಯ ಮುಂದೆ ಪರಿಚಿತರು ಗುಂಪುಗೂಡಿದಾಗ ಅಪರಿಚಿತನಿಗೆ ಸ್ಥಳವು ಕಡಿಮೆಯಾಯಿತು. ಮೂರು ಸಂಜೆಗಳಲ್ಲಿ ಕಲೆಯ ದೃಷ್ಟಿಯಿಂದ ಶ್ರೇಷ್ಠವಾದುದು ಮೊದಲನೆಯದೇ ಎಂದು ತೋರುತ್ತದೆ.

ಅಮೆರಿಕದ ಈ ಮೂರು ಸಂಜೆಗಳಿಗಿಂತ ಐದು ವರ್ಷ ಮೊದಲೇ ಉಪಗ್ರಹದ ಚಿತ್ರವು ಗುಲಬರ್ಗಾ ಜಿಲ್ಲೆಯ ಹಳ್ಳಿಗಳಿಗೆ ಬಂದಿತ್ತೆಂಬುದನ್ನು ಇಂದಿನ ತರುಣರು ಬಹುಶಃ ಅರಿಯರು. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರ ವರೆಗೆ ‘ಸೈಟ್’ ಎಂಬ ಸಂಕ್ಷಿಪ್ತ ನಾಮದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗವು ದೇಶದ ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ನಡೆಯಿತು. ಉಪಗ್ರಹವು ಅಮೆರಿಕದ್ದು, ವ್ಯವಸ್ಥೆಯು ಭಾರತದ್ದು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ದುಕೊಂಡವು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬರುವುದಕ್ಕೆ ಮೊದಲೇ ಭೀಮೆಯ ಸೀಮೆಯ ಒಕ್ಕಲಿಗನು ದೂರದರ್ಶನವನ್ನು ನೋಡಿದನು! ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬೋಗುಣಿಯಾಕಾರದ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ, ಮುಂದೆ ನೆಲದ ಮೇಲೆ ಕುಳಿತ ಊರಿನ ಜನ. ಬೆಳಗ್ಗೆ ಶಾಲೆಯ ಮಕ್ಕಳಿಗಾಗಿ, ಸಂಜೆ ದೊಡ್ಡವರಿಗಾಗಿ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮೊದಲಾದ ವಿಷಯಗಳು ಕನ್ನಡದಲ್ಲಿ ಬಿತ್ತರವಾಗುತ್ತಲಿದ್ದವು.

ಈ ಪ್ರಯೋಗವು ಕಲೆಯೆಂದು ಹೊರಟುದಲ್ಲ. ಆದುದರಿಂದ ಕಲೆಯ ನಿಯಮದಿಂದ ಅದನ್ನು ಅಳೆಯುವುದು ನ್ಯಾಯವೇ ಎಂದು ಕೇಳಬಹುದು. ಅದರ ಉಪಕಾರವನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಅವಧಿಯು ಮುಗಿದ ಮೇಲೆ, 1977ರಲ್ಲಿ, ಗುಲಬರ್ಗಾದಲ್ಲಿಯೇ ದೂರದರ್ಶನದ ಕೇಂದ್ರವು ಸ್ಥಾಪಿತವಾದುದೂ ಆ ಪ್ರಯೋಗದ ಫಲವೇ. ಆದರೂ ಒಂದು ಮಾತು ಉಳಿದೇ ಉಳಿಯುತ್ತದೆ. ಆ ಪೆಟ್ಟಿಗೆಯ ಮುಂದೆ ಕುಳಿತವರು ಒಂದು ವರ್ಷ ಕಾಲ ನೋಡಿದರು. ಅವರನ್ನು ಮಾತ್ರ ಅತ್ತ ಕಡೆಯವರು ಯಾರೂ ನೋಡಲಿಲ್ಲ. ಒಡಿಶಾದ ಹಳ್ಳಿಯೂ ರಾಜಸ್ಥಾನದ ಹಳ್ಳಿಯೂ ಅಫಜಲಪುರ ಸೀಮೆಯೂ ಒಂದೇ ಉಪಗ್ರಹದ ಕೆಳಗೆ ಇದ್ದುವು. ಆದರೆ ಹಳ್ಳಿಯು ಹಳ್ಳಿಯ ಮುಖವನ್ನು ಕಾಣಲಿಲ್ಲ. ಎಲ್ಲ ದಾರಿಗಳೂ ಮೇಲಿನಿಂದ ಕೆಳಕ್ಕೆ ಬಂದುವು, ಅಡ್ಡದಾರಿಯೊಂದೂ ಇರಲಿಲ್ಲ. ಕಲಿಸತಕ್ಕವನು ಅಲ್ಲಿ, ಕಲಿಯತಕ್ಕವನು ಇಲ್ಲಿ ಎಂಬ ನಿರ್ಣಯವು ಯಂತ್ರದ ಜೋಡಣೆಯಲ್ಲಿಯೇ ಸೇರಿಹೋಗಿತ್ತು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾದ ಇನ್ನೊಂದು ಪ್ರಯೋಗದಲ್ಲಿ ಹಳ್ಳಿಗರೇ ಕ್ಯಾಮೆರಾದ ಮುಂದೆ ತಮ್ಮ ಕಷ್ಟಸುಖಗಳನ್ನು ಹೇಳಿಕೊಂಡರೆಂಬುದನ್ನು ನೆನೆದರೆ, ಬೇರೆ ರೀತಿಯು ಸಾಧ್ಯವೇ ಇರಲಿಲ್ಲವೆಂದು ಹೇಳುವಂತಿಲ್ಲ.

ಮರುನೋಟವನ್ನು ಬೀದಿಯಲ್ಲಿ ಸಾಧಿಸಿ ತೋರಿಸಿದ ಭಾರತೀಯ ಕಲಾವಿದರಲ್ಲಿ ಮುಂಬಯಿಯ ಶೈನಾ ಆನಂದ್ ಅವರನ್ನು ಇಲ್ಲಿ ಸ್ಮರಿಸಬೇಕು. 2004ರಲ್ಲಿ ಅವರು ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ‘ರಸಲ್ ಟಿವಿ’ ಎಂಬ ಕೃತಿಯನ್ನು ನಡೆಸಿದರು. ಮಾರುಕಟ್ಟೆಯ ಜನರೇ ಅದರ ವಸ್ತು, ಅವರೇ ಅದರ ಪ್ರೇಕ್ಷಕರು. 2006ರಲ್ಲಿ ದಿಲ್ಲಿಯ ಖಿಡ್ಕಿ ಬಡಾವಣೆಯಲ್ಲಿ ‘ಖಿಡ್ಕಿಯಾನ್’ ಎಂಬ ಕೃತಿಯು ನಡೆಯಿತು. ಖಿಡ್ಕಿ ಎಂದರೆ ಕಿಟಕಿ. ಅಲ್ಲಿರುವ ಜಾಲಂಧ್ರಗಳುಳ್ಳ ಪುರಾತನ ಮಸೀದಿಯಿಂದ ಆ ಸ್ಥಳಕ್ಕೆ ಆ ಹೆಸರು. ಅಲ್ಲಿ ಅಂಗಡಿ, ಗಲ್ಲಿ, ಮನೆಗಳಂಥ ನಾಲ್ಕು ಸ್ಥಳಗಳನ್ನು ಆಯ್ದು, ಒಂದೊಂದರಲ್ಲಿಯೂ ಒಂದು ಟಿವಿ, ಅದರ ಮೇಲೊಂದು ಕ್ಯಾಮೆರಾ, ಒಂದು ಮೈಕು ಇರಿಸಿ, ಕೇಬಲ್ ತಂತಿಯಿಂದ ಎಲ್ಲವನ್ನೂ ಜೋಡಿಸಿದರು. ತೆರೆಯು ನಾಲ್ಕು ಭಾಗವಾಗಿ, ನಾಲ್ಕೂ ಕಡೆಯವರು ನಾಲ್ಕೂ ಕಡೆಯವರನ್ನು ಕಂಡು ಮಾತನಾಡಿದರು.

ಈ ಉಪಕರಣಗಳು ಯಾವುವೆಂದರೆ, ಅಂಗಡಿಕಾರನು ಕಳ್ಳನನ್ನು ಹಿಡಿಯುವುದಕ್ಕೆ ಕೊಳ್ಳುವ ಅಗ್ಗದ ಸಿಸಿಟಿವಿ ಸಾಮಾನುಗಳೇ! ಕಾವಲಿನ ಕ್ಯಾಮೆರಾವು ನೋಡುವವನನ್ನು ಬಚ್ಚಿಟ್ಟು, ನೋಡಲ್ಪಡುವವನನ್ನು ಬಯಲಿಗೆ ತರುತ್ತದೆ. ಅದರ ಕೆಳಗೆ ಒಂದು ತೆರೆಯನ್ನು ಇಟ್ಟ ಮಾತ್ರಕ್ಕೆ ಸಂಶಯದ ಯಂತ್ರವು ಸಂಭಾಷಣೆಯ ಯಂತ್ರವಾಯಿತು. ಅಮೆರಿಕದ ಕೃತಿಯು ಸಾವಿರಾರು ಕಿಲೋಮೀಟರಿನ ದೂರವನ್ನು ದಾಟಿತು. ಖಿಡ್ಕಿಯ ಕೃತಿಯು ದಾಟಿದುದು ಹೆಚ್ಚೆಂದರೆ ಇನ್ನೂರು ಮೀಟರು. ಆದರೆ ಊರೂರುಗಳಿಂದ ಹೊಟ್ಟೆಪಾಡಿಗಾಗಿ ಬಂದು ಒಂದೇ ಗಲ್ಲಿಯಲ್ಲಿದ್ದೂ ಒಬ್ಬರನ್ನೊಬ್ಬರು ಮಾತನಾಡಿಸದ ಜನರ ನಡುವೆ ಇರುವ ಅಂತರವು ಕಿಲೋಮೀಟರುಗಳಲ್ಲಿ ಅಳೆಯುವಂಥದಲ್ಲ. ಇಲ್ಲಿಯೂ ಒಂದು ಕೊರತೆಯುಂಟು. ನಾಲ್ಕು ಭಾಗದ ತೆರೆಯಲ್ಲಿ ಪ್ರತಿಯೊಬ್ಬನಿಗೂ ತನ್ನ ಬಿಂಬವೂ ಕಾಣುತ್ತಿದ್ದುದರಿಂದ, ಅಮೆರಿಕದವರು ತೆಗೆದುಹಾಕಿದ್ದ ಕನ್ನಡಿಯು ಇಲ್ಲಿ ಮತ್ತೆ ಬಂದು ಸೇರಿತು. ಆದರೆ ಸಾಹಸದ ದೃಷ್ಟಿಯಿಂದ ಈ ಬಡ ಸಾಮಗ್ರಿಯ ಕೃತಿಯು ಉಪಗ್ರಹದ ಕೃತಿಗೆ ಕಡಿಮೆಯಾದುದಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಈಗ ಪ್ರತಿಯೊಬ್ಬನ ಕಿಸೆಯಲ್ಲಿಯೂ ಮೊಬೈಲು ಇದೆ, ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ ಮಗನ ಮುಖವನ್ನು ತಾಯಿಯು ಜೇವರ್ಗಿಯ ಹೊಲದಲ್ಲಿ ನಿಂತು ನೋಡುತ್ತಾಳೆ, ಹೀಗಿರುವಲ್ಲಿ ಬೀದಿಯ ಕಿಂಡಿಯಿಂದ ಆಗತಕ್ಕ ಪ್ರಯೋಜನವೇನು? ಪ್ರಶ್ನೆಯು ಯುಕ್ತವಾದುದೇ. ಆದರೆ ಮೊಬೈಲು ಪರಿಚಿತನಿಂದ ಪರಿಚಿತನಿಗೆ ಹೋಗುತ್ತದೆ. ಅದರಲ್ಲಿ ಹೆಸರು ಮೊದಲು, ಮುಖ ಆಮೇಲೆ. ತಾಯಿಯು ಮಗನನ್ನು ಕಾಣುವಳು. ಮಗನ ಪಕ್ಕದಲ್ಲಿ ಕಲ್ಲು ಹೊರುತ್ತಿರುವ ಬಿಹಾರದ ಹುಡುಗನನ್ನು ಕಾಣಳು. ಬೀದಿಯ ಕಿಂಡಿಯಲ್ಲಿ ಮುಖ ಮೊದಲು. ಹೆಸರನ್ನು ಕೇಳಿಯೇ ತಿಳಿಯಬೇಕು. ಇಷ್ಟು ದೊಡ್ಡ ದೇಶದಲ್ಲಿ ಒಬ್ಬನು ತನ್ನ ಆಯುಷ್ಯದಲ್ಲಿ ಎಂದಿಗೂ ಹೆಸರು ತಿಳಿಯಲಾರದ ಜನರೇ ಹೆಚ್ಚು. ಅವರನ್ನು ಸ್ವಜನರೆಂದು ಭಾಷಣಗಳಲ್ಲಿ ಕರೆಯುವುದು ಸುಲಭ. ಎದುರಿಗೆ ನಿಂತು ‘ಊಟವಾಯಿತೇ?’ ಎಂದು ಕೇಳುವ ಅವಕಾಶವೇ ಬೇರೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. 2024ರ ಮೇ ತಿಂಗಳಿನಲ್ಲಿ ಐರ್ಲೆಂಡಿನ ಡಬ್ಲಿನ್ ಮತ್ತು ಅಮೆರಿಕದ ನ್ಯೂಯಾರ್ಕ್ ನಗರಗಳ ನಡುವೆ ‘ಪೋರ್ಟಲ್’ ಎಂಬ ವೃತ್ತಾಕಾರದ ದೊಡ್ಡ ತೆರೆಗಳನ್ನು ನಿಲ್ಲಿಸಿದರು. ಅದರಲ್ಲಿ ಚಿತ್ರ ಮಾತ್ರ ಉಂಟು, ಧ್ವನಿ ಇಲ್ಲ. ಬಹುಮಂದಿ ಕೈಬೀಸಿದರು, ಕುಣಿದರು. ಆದರೆ ಕೆಲವರು ಅಸಭ್ಯ ಚೇಷ್ಟೆಗಳನ್ನು ಮಾಡಿದರು. ಎದುರಿನ ನಗರದ ದುರಂತವನ್ನೇ ಅಣಕಿಸುವ ಚಿತ್ರಗಳನ್ನು ಹಿಡಿದು ತೋರಿಸಿದರು. ಒಂದು ವಾರವಾಗುವಷ್ಟರಲ್ಲಿ ಅದನ್ನು ತಾತ್ಕಾಲಿಕವಾಗಿ ಮುಚ್ಚಿ, ವೇಳೆಯನ್ನು ಕಡಿಮೆ ಮಾಡಿ ಮತ್ತೆ ತೆರೆಯಬೇಕಾಯಿತು. ಹೆಸರಿಲ್ಲದವನಿಗೆ ಸಂಕೋಚವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಧ್ವನಿಯಿಲ್ಲದ ಕಿಂಡಿಯಲ್ಲಿ ಉತ್ತರ ಕೊಡುವ ಹೊಣೆಯೂ ಅರ್ಧವಾಯಿತೆಂದು ಹೇಳಬೇಕು. ಕಿಂಡಿಯನ್ನು ತೆರೆಯುವುದು ಯಂತ್ರದ ಕೆಲಸ. ಅದರ ಮುಂದೆ ನಿಲ್ಲುವ ರೀತಿಯನ್ನು ಯಂತ್ರವು ಕಲಿಸಲಾರದು.

ಆ ರೀತಿಯನ್ನು ಕಲಿಸಿದ ಒಂದು ಹಳೆಯ ಪದ್ಧತಿಯು ಗಾಣಗಾಪುರದಲ್ಲಿಯೇ ಇದೆ. ಮಧ್ಯಾಹ್ನದ ಹೊತ್ತಿಗೆ ಯಾತ್ರಿಕರು ಮಾಧುಕರಿಗೆ ಹೊರಟು ಐದು ಮನೆಗಳಲ್ಲಿಯಾದರೂ ಭಿಕ್ಷೆ ಬೇಡುವರು. ದತ್ತಾತ್ರೇಯನೂ ಆ ವೇಳೆಗೆ ಯಾವುದೋ ರೂಪದಿಂದ ಭಿಕ್ಷೆಗೆ ಬರುವನೆಂಬುದು ಅಲ್ಲಿಯ ನಂಬಿಕೆ. ನಂಬಿಕೆಯ ವಿಚಾರವು ಅದಂತಿರಲಿ. ಅದರಿಂದ ಹುಟ್ಟಿದ ನಡತೆಯನ್ನು ನೋಡಬೇಕು. ಎದುರಿಗೆ ನಿಂತವನು ಮರಾಠಿಯವನೋ ತೆಲುಗಿನವನೋ, ಧನಿಕನೋ ದರಿದ್ರನೋ ತಿಳಿಯದು. ಯಾರಿರಬಹುದೆಂದು ತಿಳಿಯದ ಕಾರಣದಿಂದಲೇ ನೀಡುವವನು ಅವನಿಗೆ ಗೌರವವನ್ನು ತೋರಿಸುತ್ತಾನೆ. ಡಬ್ಲಿನ್ನಿನ ಬೀದಿಯಲ್ಲಿ ಅಪರಿಚಿತತ್ವವು ಉದ್ಧಟತನಕ್ಕೆ ಕಾರಣವಾದರೆ, ಇಲ್ಲಿ ಅದೇ ಅಪರಿಚಿತತ್ವವು ಮರ್ಯಾದೆಗೆ ಕಾರಣವಾಗಿದೆ. ಅದೂ ಅಲ್ಲದೆ, ಮಾಧುಕರಿಯಲ್ಲಿ ಸ್ಥಿತಿವಂತನೂ ಜೋಳಿಗೆ ಹಿಡಿದು ನಿಲ್ಲುವುದರಿಂದ, ಕೊಡುವವನು ಮೇಲೆ, ಬೇಡುವವನು ಕೆಳಗೆ ಎಂಬ ಭೇದವು ಆ ಹೊತ್ತಿನ ಮಟ್ಟಿಗಾದರೂ ಸಡಿಲವಾಗುತ್ತದೆ. 1975ರ ಪೆಟ್ಟಿಗೆಯಲ್ಲಿ ಇಲ್ಲದೆ ಹೋದುದು ಇದೇ ಅಲ್ಲವೇ?

ಇಂಥ ಕೃತಿಯೊಂದು ಮುಂದೆ ಎಂದಾದರೂ ಈ ಜಿಲ್ಲೆಗೆ ಬರುವುದಾದರೆ, ಅದನ್ನು ರಚಿಸುವವರು ಮೇಲೆ ಹೇಳಿದ ದೃಷ್ಟಾಂತಗಳಿಂದ ಕೆಲವು ಅಂಶಗಳನ್ನು ತೆಗೆದುಕೊಳ್ಳಬೇಕು. ಫಲಕವಿಲ್ಲದಿರುವುದನ್ನೂ ಸ್ವಬಿಂಬವಿಲ್ಲದಿರುವುದನ್ನೂ ಅಮೆರಿಕದ ಕೃತಿಯಿಂದ ಕಲಿಯಬೇಕು. ಬಡ ಸಾಮಗ್ರಿಯಿಂದಲೇ ಕೆಲಸ ಸಾಗಿಸುವುದನ್ನೂ ಅಂಗಡಿ ಗಲ್ಲಿಗಳಲ್ಲಿ ಇಳಿದು ನಿಲ್ಲುವುದನ್ನೂ ಖಿಡ್ಕಿಯಿಂದ ಕಲಿಯಬೇಕು. ಧ್ವನಿಯನ್ನು ಬಿಡದಿರುವುದನ್ನು ಪೋರ್ಟಲಿನ ಪಾಡಿನಿಂದ ತಿಳಿಯಬೇಕು. ಸ್ಥಳವನ್ನು ಆಯ್ದುಕೊಳ್ಳುವಾಗ ನಗರದ ಕಲಾಮಂದಿರಕ್ಕಿಂತ ಗಾಣಗಾಪುರ ರೋಡ್ ರೈಲು ನಿಲ್ದಾಣದಂಥ, ಬರುವವರೂ ಹೋಗುವವರೂ ತಂಗುವ ತಾಣವು ಲೇಸು. ಅತ್ತಲಿನ ತುದಿಯು ಕೂಲಿಗೆ ಹೋದವರು ಸೇರುವ ಮುಂಬಯಿಯ ನಾಕಾ ಆಗಬಹುದು. ಒಡಿಶಾದ ಸಂತೆಯೂ ಆಗಬಹುದು.

ಅಂದು ತಂತಿಬಲೆಯ ಆಂಟೆನಾದ ಕೆಳಗೆ ಕುಳಿತ ಮಕ್ಕಳು ಈಗ ಅರುವತ್ತರ ಆಸುಪಾಸಿನವರಾಗಿದ್ದಾರೆ. ಅಂಥವರೊಬ್ಬರು ಆ ಕಿಂಡಿಯ ಮುಂದೆ ನಿಂತಾಗ, ಅವರಂತೆಯೇ ಅಂದು ಸಂಜೆ ಪೆಟ್ಟಿಗೆಯನ್ನು ನೋಡಿದ್ದ ಒಡಿಶಾದ ಹಳ್ಳಿಯ ಮುದುಕನೊಬ್ಬನು ಅತ್ತಲಿಂದ ಇವರನ್ನು ನೋಡಿ, ತಿಳಿಯದ ಭಾಷೆಯಲ್ಲಿ ಏನನ್ನಾದರೂ ಕೇಳಿದನೆಂದರೆ, ಐದು ದಶಕಗಳ ಹಿಂದೆ ಅರ್ಧಕ್ಕೆ ನಿಂತುಹೋದ ನೋಟವು ಅಂದು ಪೂರ್ಣವಾಗುವುದು.