ಕತ್ತಲೆಯೂ ಕಾಣಬೇಕು

1994ರ ಬೇಸಿಗೆ ರಜೆಯಲ್ಲಿ ನಮ್ಮವರು ಎರಡು ದಿನದ ಮಟ್ಟಿಗೆ ವಿಸಿಪಿ ಬಾಡಿಗೆಗೆ ತಂದರು. ಜೊತೆಗೆ ಬಂದ ಕ್ಯಾಸೆಟ್ಟುಗಳಲ್ಲಿ 'ವೇಟ್ ಅಂಟಿಲ್ ಡಾರ್ಕ್' ಎಂಬ ಇಂಗ್ಲಿಷ್ ಚಿತ್ರವೂ ಇತ್ತು. 1967ರದ್ದು, ಟೆರೆನ್ಸ್ ಯಂಗ್ ನಿರ್ದೇಶನ. ಆಡ್ರೆ ಹೆಪ್‌ಬರ್ನ್ ಅದರಲ್ಲಿ ಕಣ್ಣು ಕಾಣದ ಗೃಹಿಣಿ ಸೂಸಿ. ಗಂಡ ಮನೆಯಲ್ಲಿಲ್ಲದಾಗ, ಮಾದಕ ವಸ್ತು ತುಂಬಿದ ಒಂದು ಗೊಂಬೆಗಾಗಿ ಮೂವರು ಗಂಡಸರು ಅವಳಿಗೆ ಬಲೆ ಬೀಸುತ್ತಾರೆ. ಕೊನೆಗೆ ಅವಳು ಮನೆಯ ಬಲ್ಬುಗಳನ್ನೆಲ್ಲ ಒಡೆದುಹಾಕುತ್ತಾಳೆ. ಕತ್ತಲೆಯಾದರೆ ತಾನೂ ಅವರೂ ಸರಿಸಮ, ಅಲ್ಲವೇ?

ಆ ಘಟ್ಟ ಬಂದಾಗ ನಮ್ಮ ಟೀವಿಯಲ್ಲಿ ಕತ್ತಲೆಯೇ ಇರಲಿಲ್ಲ. ರಾಗಿಹಿಟ್ಟು ಜರಡಿ ಹಿಡಿದಂತೆ ಬೂದುಬಣ್ಣದ ಚುಕ್ಕೆಗಳು. ನಕಲಿನ ನಕಲು ಮಾಡಿದ ಕ್ಯಾಸೆಟ್ಟು! "ಏನೂ ಕಾಣ್ತಿಲ್ಲ" ಎಂದು ನಮ್ಮವರು ಬ್ರೈಟ್‌ನೆಸ್ ಏರಿಸಿದರು. ಬೂದಿ ಹೋಗಿ ಮಂಜಾಯಿತು. ಹಿನ್ನೆಲೆಯ ಪಿಯಾನೋ ಅಪಸ್ವರ ಹೊರಡಿಸುತ್ತಿತ್ತು. ಟೇಪು ಜಗ್ಗಿದೆ ಎಂದು ನಾನು ತೀರ್ಪು ಕೊಟ್ಟೆ.

ನಮ್ಮತ್ತೆಗೆ ಆಗಲೇ ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿತ್ತು. ಇಂಗ್ಲಿಷೂ ಬಾರದು. ಗೋಡೆಗೊರಗಿ ಕೇಳುತ್ತಿದ್ದವರು, "ಆ ಮಳೆ ಸದ್ದು ನಿಲ್ಲಿಸೋಕಾಗಲ್ವೇನ್ರೇ? ಅವನು ಎಲ್ಲಿದಾನೆ ಅಂತ ಗೊತ್ತಾಗ್ತಿಲ್ಲ" ಎಂದರು. ಚಿತ್ರದಲ್ಲಿ ಮಳೆ ಎಲ್ಲಿಂದ ಬರಬೇಕು? ಅದು ಟೇಪಿನ ಸುಯ್ಯೆನ್ನುವ ಗೊರಲು. ನಾವೆಲ್ಲ ನಕ್ಕೆವು.

ನಗಬಾರದಿತ್ತು. ಎಷ್ಟೋ ವರ್ಷಗಳ ಮೇಲೆ ಅದೇ ಚಿತ್ರವನ್ನು ಡಿವಿಡಿಯಲ್ಲಿ ನೋಡಿದಾಗ ಅದು ಗೊತ್ತಾಯಿತು. ಹಳೆಯ ಕ್ಯಾಸೆಟ್ಟಿನಲ್ಲಿ ಧ್ವನಿಗೆ ಸಿಗುತ್ತಿದ್ದುದು ಟೇಪಿನ ಅಂಚಿನ ಸಣ್ಣದೊಂದು ಪಟ್ಟಿ. ಟೇಪು ಓಡುತ್ತಿದ್ದುದೂ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ. ಮೌನ ನಿಲ್ಲಲು ಅಲ್ಲಿ ಜಾಗವೆಲ್ಲಿ? ಡಿವಿಡಿಯಲ್ಲಿ ಮೌನ ಮೌನವಾಗಿಯೇ ಇತ್ತು. ಕಿಟಕಿಪರದೆಯ ಪಟ್ಟಿಗಳನ್ನು ಯಾರೋ ಮತ್ತೆಮತ್ತೆ ತೆರೆದು ಮುಚ್ಚುವ ಸದ್ದಿನಿಂದಲೇ ಸೂಸಿಗೆ ಅನುಮಾನ ಹುಟ್ಟುವುದು. ಕ್ಯಾಸೆಟ್ಟಿನಲ್ಲಿ ಆ ಸದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಇನ್ನು ಪಿಯಾನೋ. ಸಂಗೀತಗಾರ ಹೆನ್ರಿ ಮ್ಯಾನ್ಸಿನಿ ಎರಡು ಪಿಯಾನೋಗಳನ್ನು ಕಾಲುಸ್ವರದ ಅಂತರದಲ್ಲಿ ಬೇಕೆಂದೇ ಶ್ರುತಿ ಮಾಡಿಸಿದ್ದನಂತೆ, ಕೇಳುವವರಿಗೆ ಕಸಿವಿಸಿಯಾಗಲೆಂದು. ಸರಿಯುತ್ತರಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ ನಾನು!

ಅದಕ್ಕಿಂತ ದೊಡ್ಡ ನಷ್ಟ ಫ್ರಿಜ್ಜಿನ ದೀಪದ್ದು. ಬಲ್ಬುಗಳನ್ನೆಲ್ಲ ಒಡೆದ ಸೂಸಿ ಅದೊಂದನ್ನು ಮರೆತಿರುತ್ತಾಳೆ. ಖಳ ಫ್ರಿಜ್ಜಿನ ಬಾಗಿಲು ತೆರೆದಾಗ ಒಳ್ಳೆಯ ಪ್ರತಿಯಲ್ಲಿ ಆ ಬೆಳಕು ಎದೆಗೇ ಹೊಡೆಯುತ್ತದೆ. ನಮ್ಮ ಬೂದುಬಣ್ಣದ ಪ್ರತಿಯಲ್ಲಿ ಅದು ಬಂದದ್ದೂ ತಿಳಿದಿರಲಿಲ್ಲ. ಚಿತ್ರ ಬಿಡುಗಡೆಯಾದಾಗ ಕೊನೆಯ ಎಂಟು ನಿಮಿಷ ಥಿಯೇಟರಿನ ದೀಪಗಳನ್ನೂ ಕಾನೂನು ಬಿಡುವಷ್ಟು ತಗ್ಗಿಸುತ್ತಿದ್ದರಂತೆ. ಸುಮ್ಮನೆಯೇ?

ಈಗ ಗೋಡೆಯಗಲದ ಟೀವಿಗಳು ಬಂದಿವೆ. ಆದರೂ ಅಂಗಡಿಯ ಝಗಮಗಕ್ಕೆ ಹೊಂದಿಸಿದಂತೆಯೇ ಮನೆಯಲ್ಲೂ ಇಟ್ಟುಕೊಂಡರೆ ಕಪ್ಪೆಲ್ಲ ಬೆಳ್ಳಗಾಗುತ್ತದೆ. 'ಸಿನಿಮಾ' ಎಂಬ ಮೋಡ್ ಹಾಕಿ, ಕೋಣೆಯ ದೀಪ ಆರಿಸಿ ನೋಡಿ. ಇಂಟರ್‌ನೆಟ್ಟಿನ ವೇಗ ಕಡಿಮೆಯಿದ್ದರೆ ಕತ್ತಲೆ ಚೌಕಚೌಕವಾಗಿ ಒಡೆಯುತ್ತದೆ; ಅದಕ್ಕಿಂತ ಡಿಸ್ಕೇ ವಾಸಿ. ಧ್ವನಿಗೆಂದು ಐದಾರು ಸ್ಪೀಕರುಗಳ ದುಂದುಗಾರಿಕೆ ಬೇಡ. ಚಿತ್ರದ ಮೂಲಧ್ವನಿಯೇ ಮೋನೋ, ಸ್ವಚ್ಛವಾದ ಒಂದೇ ಸ್ಪೀಕರ್ ಸಾಕು.

ಡಿವಿಡಿ ನಮ್ಮ ಮನೆಗೆ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಆ ರಾತ್ರಿ ಕೊನೆಯ ಎಂಟು ನಿಮಿಷ ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ. ಮಳೆ ನಿಂತಿತ್ತು. ಅವನು ಎಲ್ಲಿದ್ದಾನೆಂದು ನನಗೂ ಗೊತ್ತಾಗುತ್ತಿತ್ತು.