ಜಾಥಾದಲ್ಲಿ ಕಾಣದ ಅಪ್ಪ ಅಮ್ಮ

ಜೂನ್ 26 ಬಂತೆಂದರೆ ಶಾಲೆಗಳಲ್ಲಿ ಮಾದಕವಸ್ತು ವಿರೋಧಿ ಜಾಥಾ. ಬ್ಯಾನರ್, ಘೋಷಣೆ, ಪ್ರತಿಜ್ಞೆ, ಠಾಣೆಯಿಂದ ಬಂದ ಅಧಿಕಾರಿಯ ಭಾಷಣ. ಗಾಂಜಾ, ಎಂಡಿಎಂಎ ಹೆಸರು ಬಂದಷ್ಟು ಸಲ ವೈಟ್ನರ್, ಥಿನ್ನರ್, ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹೆಸರು ಅಲ್ಲಿ ಬರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಮ್ಸ್ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಿದ್ದದ್ದು ಈ ಮೂಸುವ ಪದಾರ್ಥಗಳಲ್ಲಿ ಮಾತ್ರ: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17.

ಹಾಗೆಂದು ವೈಟ್ನರ್‌ನ ಹೆಸರನ್ನು ಭಾಷಣಕ್ಕೆ ಸೇರಿಸಿಬಿಟ್ಟರೆ ಇನ್ನೂ ಅಪಾಯ. ಮೂಸಿದರೆ ಏನಾಗುತ್ತದೆಂದು ಆರನೇ ಕ್ಲಾಸಿನವರಿಗೆ ಬಣ್ಣಿಸಿ ಹೇಳುವುದು ದಾರಿ ತೋರಿಸಿದಂತೆಯೇ. ಚಿಕ್ಕ ಮಕ್ಕಳಿಗೆ ಇದನ್ನು ನಶೆ ಎನ್ನಬೇಡಿ, ವಿಷ ಎನ್ನಿ ಎಂದು ಈ ಕ್ಷೇತ್ರದಲ್ಲಿ ದುಡಿದ ಅಮೆರಿಕದವರು ಹೇಳುತ್ತ ಬಂದಿರುವುದು ಅದಕ್ಕೇ. ಕಾನೂನಿಗೂ ಮಿತಿಯಿದೆ. 2012ರಲ್ಲಿ ಬಾಟಲಿ ವೈಟ್ನರ್‌ನ ಚಿಲ್ಲರೆ ಮಾರಾಟಕ್ಕೆ ನಿಷೇಧ ಬಂದು ಪೆನ್ ಮಾದರಿಯದು ಉಳಿಯಿತು, ಒಳ್ಳೆಯ ಕ್ರಮವೇ. ಆದರೆ ಪಂಕ್ಚರ್ ಅಂಗಡಿಗೆ ಬೀಗ ಹಾಕಲಾದೀತೇ?

ಭಾಷಣ, ಕಾನೂನುಗಳಿಗಿಂತ ನನಗೆ ಮೆಚ್ಚುಗೆಯಾದದ್ದು ಅಮೆರಿಕದ ಅಯೋವಾದಲ್ಲಿ ರೂಪುಗೊಂಡ, 10ರಿಂದ 14ರ ಮಕ್ಕಳ ಕುಟುಂಬ ಕಾರ್ಯಕ್ರಮ. ಏಳು ವಾರ, ವಾರಕ್ಕೆ ಎರಡು ತಾಸು. ಮೊದಲ ತಾಸು ಹೆತ್ತವರು ಒಂದು ಕೋಣೆ, ಮಕ್ಕಳು ಇನ್ನೊಂದು. ಎರಡನೆಯ ತಾಸು ಎಲ್ಲರೂ ಒಟ್ಟಿಗೆ. ಅಲ್ಲಿ ಮಾದಕವಸ್ತುವಿನ ಪಾಠಕ್ಕಿಂತ ಮನೆಯ ನಿಯಮ, ಸಿಟ್ಟು, ಗೆಳೆಯರ ಒತ್ತಾಯಗಳ ಮಾತೇ ಹೆಚ್ಚು. ಮಗ ಯಾರ ಜೊತೆ ಓಡಾಡುತ್ತಾನೆಂದು ಅಪ್ಪ ಜಗಳವಿಲ್ಲದೆ ಕೇಳುವುದನ್ನು ಕಲಿಯುತ್ತಾನೆ. ನಮ್ಮ ಪಾಲಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡಿಗೆ ಸಹಿ ಬಿದ್ದರೆ ಮುಗಿಯಿತು.

ಹೆತ್ತವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ವೈಟ್ನರ್, ಥಿನ್ನರ್‌ನಂಥ ದ್ರಾವಕಗಳ ಆವಿ ಹೃದಯವನ್ನು ಅಡ್ರಿನಲಿನ್‌ಗೆ ಅತಿಸೂಕ್ಷ್ಮವಾಗಿಸುತ್ತದೆ. ಗಾಬರಿಯಾದರೆ, ಓಡಿದರೆ ಬಡಿತದ ಲಯ ತಪ್ಪಿ ಮೊದಲ ಸಲ ಮೂಸಿದ ಮಗುವೂ ಸಾಯಬಹುದು. ಮೂಸುವಾಗ ಸಿಕ್ಕಿಬಿದ್ದ ಮಗನನ್ನು ಅಟ್ಟಿಸಿಕೊಂಡು ಹೋಗಿ ಬಾರಿಸುವುದು ನಮ್ಮಲ್ಲಿ ಸಹಜ. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಕಿಟಕಿ ತೆರೆದು, ದನಿ ಏರಿಸದೆ ಕೂರಿಸುವುದು. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ.

ಅಯೋವಾ ಮಾದರಿಯ ಕೊರತೆಯೂ ಸ್ಪಷ್ಟ. ಸಂಜೆ ಬಿಡುವಿರುವ ಅಪ್ಪ ಅಮ್ಮ ಇದ್ದಾರೆಂಬ ಊಹೆಯಿಂದಲೇ ಅದು ಹೊರಡುತ್ತದೆ. ಗಾರ್ಮೆಂಟ್ಸ್ ಪಾಳಿ ಮುಗಿಸಿ ಎಂಟಕ್ಕೆ ಮನೆ ಸೇರುವ ತಾಯಿಯನ್ನು ಏಳು ವಾರ ಕರೆಸುವವರು ಯಾರು? ಊಟ, ಬಸ್ ಚಾರ್ಜು, ಕೈಗೂಸನ್ನು ನೋಡಿಕೊಳ್ಳುವವರು ಇಲ್ಲದೆ ಆಗದು. ರೈಲ್ವೆ ನಿಲ್ದಾಣದಲ್ಲಿ ಸೊಲ್ಯೂಷನ್ ಬಟ್ಟೆ ಮೂಗಿಗೆ ಹಿಡಿದ ಹುಡುಗನ ಪಾಲಿಗಂತೂ ಕುಟುಂಬವೆಂದರೆ ಅವನಂಥವರ ಗುಂಪು, ಹೆಚ್ಚೆಂದರೆ ದಿನಾ ಮಾತಾಡಿಸಲು ಬರುವ ಸಂಸ್ಥೆಯೊಂದರ ಅಕ್ಕ. ಜಾಥಾದ ಬ್ಯಾನರ್ ದುಡ್ಡು ಮೊದಲು ಹೋಗಬೇಕಾದದ್ದು ಆ ಅಕ್ಕನ ಸಂಬಳಕ್ಕೆ.